ಕುದುರೆಯ ಹೆಸರು ಬಂತು, ನನ್ನದು ಬರಲಿಲ್ಲ

ಲಕ್ವ ಹೊಡೆದು ಮಾತು ಬಿದ್ದುಹೋದ ಮೇಲೆ ನನ್ನ ಮುದುಕನ ಬಾಯಿಂದ ಮೊದಲು ಹೊರಬಿದ್ದ ಹೆಸರು ಕುದುರೆಯದು. "ಜೀರ್ದೆ" ಅಂದ, ಸ್ಪಷ್ಟವಾಗಿ. ಮನೆಯವರೆಲ್ಲ ಕಣ್ಣೊರೆಸಿಕೊಂಡರು, ನಾನೂ ಒರೆಸಿಕೊಂಡೆ. ಆಮೇಲೆ ರೊಟ್ಟಿ ಬಂತು, ಚಹಾ ಬಂತು, ಮೊಮ್ಮಗಳ ಹೆಸರು ಬಂತು, ಕೊನೆಗೆ ಪಕ್ಕದ ಮನೆಯ ನಾಯಿಯ ಹೆಸರೂ ಬಂತು. ನನ್ನದು ಮಾತ್ರ ಬರಲಿಲ್ಲ.

ಬೇರೆ ಗಂಡಸರು ಹೆಂಡತಿಯನ್ನು "ಏ ಮುದುಕಿ" ಅಂತಾರೆ. ನನ್ನ ಜುಮಾಬೆಕ್ ಹಾಗಲ್ಲ. ಬೇಸಿಗೆಯ ಹುಲ್ಲುಗಾವಲಲ್ಲಿ ಗುಡ್ಡದಾಚೆಯಿಂದ "ಕನಿಶಾಯ್!" ಎಂದು ನನ್ನ ಹೆಸರು ಹಿಡಿದು ಕೂಗಿದರೆ ಕುರಿಗಳೂ ತಲೆಯೆತ್ತುತ್ತಿದ್ದವು. ಅಂಥವನು ಈಗ ನನ್ನ ಮುಖ ನೋಡಿ ಬಾಯಿ ತೆರೆದು, ಸುಮ್ಮನೆ ಮುಚ್ಚಿಕೊಳ್ಳುತ್ತಿದ್ದ. ಈ ವಯಸ್ಸಿನಲ್ಲಿ ನನಗೆ ಕುದುರೆಯ ಮೇಲೆ ಹೊಟ್ಟೆಕಿಚ್ಚು.

ಮಾತು ಕಲಿಸುವ ಡಾಕ್ಟರಮ್ಮ ಎಲ್ವಿರಾ ನರಿನ್ ಪಟ್ಟಣದಿಂದ ವಾರಕ್ಕೊಮ್ಮೆ ಬರುತ್ತಿದ್ದಳು. ಚಿತ್ರ ತೋರಿಸಿ ಹೆಸರಿನ ಮೊದಲ ಸದ್ದು ಅವಳು ಹೇಳಬೇಕು, ಉಳಿದದ್ದನ್ನು ಅವನು ಮುಗಿಸಬೇಕು. ಘಾಟಿಯಲ್ಲಿ ಹಿಮ ಬಿದ್ದು ದಾರಿ ಮುಚ್ಚುವ ಮುಂಚೆ, ಮನೆಯವರ ಮತ್ತು ದನಕರುಗಳ ಫೋಟೋಗಳ ಕಟ್ಟೊಂದನ್ನು ಸೊಸೆ ಬುರುಲ್ ಕೈಗೆ ಕೊಟ್ಟು, "ದಿನಾ ಮಾಡಿಸು" ಎಂದು ಹೋಗಿದ್ದಳು. ನಾನು ಆ ಕಡೆ ಸುಳಿಯಲಿಲ್ಲ. ಹೇಳಿಕೊಟ್ಟು ಹೇಳಿಸಿಕೊಳ್ಳುವ ಹೆಸರು ಯಾರಿಗೆ ಬೇಕು?

ದಾರಿ ತೆರೆದು ಎಲ್ವಿರಾ ಮತ್ತೆ ಬಂದ ದಿನ ನನಗೆ ತಡೆಯಲಾಗಲಿಲ್ಲ.

"ಡಾಕ್ಟರಮ್ಮಾ, ನೇರವಾಗಿ ಹೇಳಿಬಿಡಿ. ಇವನ ತಲೆಯಿಂದ ನಾನು ಅಳಿಸೇ ಹೋದ್ನಾ? ಕುದುರೆಗಿರೋ ಜಾಗಾನೂ ನನಗಿಲ್ವಾ?"

ಅವಳು ಕಟ್ಟು ಬಿಚ್ಚಿದಳು. ಕುದುರೆಯ ಫೋಟೋ ಮೂಲೆ ಮಡಚಿ, ಬೆರಳಿನ ಜಿಡ್ಡು ಹತ್ತಿ ಹಳತಾಗಿತ್ತು. ನನ್ನದು ತಳದಲ್ಲಿ ಹೊಚ್ಚಹೊಸದಾಗಿ ಕೂತಿತ್ತು.

"ಬುರುಲ್, ಇದನ್ನ ಮಾಡಿಸೇ ಇಲ್ವಾ?"

ಬುರುಲ್ ತಲೆವಸ್ತ್ರವನ್ನು ಬಾಯಿಗೆ ಎಳೆದುಕೊಂಡಳು. "ಅತ್ತೆ ಹೆಸರನ್ನ ನಾನ್ ಹೆಂಗೆ ಹೇಳ್ಲಿ ಅಕ್ಕಾ? ಮದುವೆಯಾಗಿ ಬಂದ ಹೊಸದ್ರಲ್ಲಿ ಒಂದ್ಸಲ ಬಾಯಿತಪ್ಪಿ ಬಂದಿದ್ದಕ್ಕೇ ಸೌಟು ಹಿಡ್ಕೊಂಡು ಬಂದಿದ್ರು!"

ಬಂದಿದ್ದೆ, ಸುಳ್ಳಲ್ಲ. ಗಂಡನ ಕಡೆಯ ಹಿರಿಯರ ಹೆಸರನ್ನು ಸೊಸೆ ಬಾಯಿಗೆ ತರುವಂತಿಲ್ಲ. ಇವಳು ಎಂದೂ ತರುವುದಿಲ್ಲ ಎಂದು ಬೀದಿ ತುಂಬಾ ಜಂಬ ಕೊಚ್ಚಿಕೊಂಡವಳೂ ನಾನೇ.

ಎಲ್ವಿರಾ ನಕ್ಕುಬಿಟ್ಟಳು. "ಅವರು ಮರ್ತಿಲ್ಲಮ್ಮ. ನಿಮ್ಮ ಹೆಸರು ಶುರು ಮಾಡಿಕೊಡೋರೇ ಇರ್ಲಿಲ್ಲ."

"ಹೇಳೇ ಬುರುಲ್, ಸೌಟು ಮುಟ್ಟಲ್ಲ," ಅಂದೆ.

"ಅಯ್ಯೋ, ನನ್ ಕೈಲಾಗಲ್ಲ. ನೀವೇ ಹೇಳಿ ಅತ್ತೆ."

ಬಿಗುಮಾನ ಬಿಟ್ಟು ಮುದುಕನ ಎದುರು ಕೂತೆ. "ಕ..." ಅಂದೆ.

ಅವನು ನನ್ನ ತುಟಿಯನ್ನೇ ನೋಡಿದ. ಮುಖ ಕೆಂಪಾಯಿತು. "ಕ... ಕನಿ..." ಆಮೇಲೆ ಅದೇ ಹಳೆಯ ಗುಡ್ಡದಾಚೆಯ ಗಂಟಲಲ್ಲಿ, "ಕನಿಶಾಯ್!"

ನಾಚಿಕೆಯಿಲ್ಲದೆ ಗೊಳೋ ಅಂತ ಅತ್ತೆ. ಅಳುತ್ತಲೇ ಚಹಾ ಬಗ್ಗಿಸಿ ಅವನ ಮುಂದಿಟ್ಟೆ. ಸಂಭ್ರಮದಲ್ಲಿ ಬಟ್ಟಲು ಅಂಚಿನವರೆಗೂ ತುಂಬಿಬಿಟ್ಟಿದ್ದೆ. ನಮ್ಮಲ್ಲಿ ಅರ್ಧ ಬಟ್ಟಲು ಕೊಟ್ಟರೆ ಮರ್ಯಾದೆ; ತುಂಬಿ ಕೊಟ್ಟರೆ ಕುಡಿದು ಹೊರಡು ಅಂತ.

ಮುದುಕ ಬಟ್ಟಲು ನೋಡಿದ. ಆಡುವ ಕೈಯೆತ್ತಿ ಅದನ್ನು ತೋರಿಸಿದ, ಆಮೇಲೆ ಬಾಗಿಲು ತೋರಿಸಿದ, ಆಮೇಲೆ ಹುಬ್ಬೇರಿಸಿ ನನ್ನತ್ತ ತಿರುಗಿದ.

"ಕನಿಶಾಯ್?" ಅಂದ.

ಅರ್ಧ ಚಹಾ ನಾನೇ ಕುಡಿದು, ಬಟ್ಟಲನ್ನು ಅವನ ಕೈಗಿಟ್ಟೆ.