ಜನರಲ್‌ಗೆ ಹಿಡಿದಿಟ್ಟ ಜಾಗ

ಒದ್ದೆ ಉಣ್ಣೆಯ ವಾಸನೆ, ಹೊರಗಿನ ಹಿಮವನ್ನೆಲ್ಲ ಕೋಟಿನ ಮೇಲೆ ಹೊತ್ತು ತಂದಿದ್ದಾರೆ ಈ ಗಣಿ ಊರಿನವರು, ಶಾಸನಸಭೆಯ ಸಮಿತಿಯ ಕೋಣೆ ತುಂಬ ಅವರೇ, ಆ ಒಣ ಕೆಮ್ಮನ್ನು ನಾನು ಮರೆಯುವುದುಂಟೆ, ರಾಜ್ಯದ ಅಟಾರ್ನಿ ಜನರಲ್, ಜನರೇ ಓಟು ಹಾಕಿ ಆರಿಸಿದ ಸರ್ಕಾರಿ ವಕೀಲ, ಆಗಿದ್ದಾಗ ಅದೇ ಕೆಮ್ಮಿನ ಪರವಾಗಿ ಗಣಿ ಕಂಪನಿಯನ್ನು ಕೋರ್ಟಿಗೆಳೆದವನು — ಈಗ ಅದೇ ಕಂಪನಿಯ ಲಾಬಿಗಾರ, ಎದೆಯ ಮೇಲೆ ಕಂಪನಿಯ ಹೆಸರಿನ ಬಿಲ್ಲೆ, ಹಳೆಯ ಕಾಯಿಲೆಯವರು ಇನ್ನು ದಾವೆ ಹೂಡುವಂತಿಲ್ಲ ಎನ್ನುವ ಮಸೂದೆ ಪಾಸಾಗಬೇಕು, ಅಷ್ಟೇ ಕೆಲಸ. ಚುನಾವಣೆ ಸೋತ ಮೇಲೂ ಜನ ಜನರಲ್ ಅಂತಲೇ ಕರೆಯುತ್ತಾರೆ, ಇಲ್ಲಿಯ ಪದ್ಧತಿ, ಸಾಯುವ ತನಕ ಬಿಡುವುದಿಲ್ಲ, ವೆಂಡೆಲ್ ಎಂದು ಹೆಸರು ಹಿಡಿದು ಕೂಗುತ್ತಿದ್ದವಳು ಹೆಂಡತಿ ಮಾರ್ಗಿಟ್ ಒಬ್ಬಳೇ, ಅವಳು ತೀರಿಹೋದ ಮೇಲೆ ಆ ಹೆಸರನ್ನು ಯಾರ ಬಾಯಲ್ಲೂ ಕೇಳಿಲ್ಲ, ದಿನಾ ಸಂಜೆ ಯಾವನಾದರೂ ಸೆನೆಟರನಿಗೆ ಊಟ ಹಾಕಿಸುತ್ತೇನೆ, ತಿಂದು ಬಾಯಿ ಒರೆಸಿಕೊಂಡು ಎದ್ದು ಹೋಗುತ್ತಾನೆ, ಆಮೇಲೆ ಹೋಟೆಲಿನ ಕೋಣೆ, ಹಾಳು ಮೌನ.

ಅಯ್ಯೋ, ವರ್ನಾ. ಅವಳ ಗಂಡ ಎಮೆಟ್ ಗಣಿ ಧೂಳು ಕುಡಿದು ಸತ್ತಾಗ ಅವಳ ಅಡಿಗೆಮನೆಯಲ್ಲಿ ಕೂತು ಮಾಂಸದ ಕಡುಬು ತಿಂದಿದ್ದೆ, ಇನ್ನೊಂದು ಹಾಕ್ಕೊಳ್ಳಿ ಜನರಲ್, ನಾಚ್ಕೋಬೇಡಿ ಅಂದಿದ್ದಳು, ಈಗ ಮುಂದಿನ ಸಾಲಿನಿಂದ ಕೈ ಬೀಸುತ್ತಿದ್ದಾಳೆ, ಪಕ್ಕದ ಕುರ್ಚಿಯ ಮೇಲೆ ಕೋಟು ಹಾಸಿ ಜಾಗ ಹಿಡಿದಿದ್ದಾಳೆ, ಯಾರೋ ಕೂರಲು ಬಂದರೆ — ಅಲ್ಲಿ ಬೇಡಪ್ಪ, ಅದು ನಮ್ ಜನರಲ್‌ದು, ನಾನು ಹೇಳಿರ್ಲಿಲ್ವಾ, ನಮ್ ವಿಷ್ಯ ಅಂದ್ರೆ ಅವ್ರು ಬಂದೇ ಬರ್ತಾರೆ ಅಂತ. ಬಿಲ್ಲೆ ಕಾಣಿಸಿಲ್ಲ ಇವಳಿಗೆ, ಕನ್ನಡಕ ಹಣೆಯ ಮೇಲಿದೆ. ಹೋಗಿ ಹೇಳಬೇಕು, ಏನಂತ ಹೇಳಲಿ, ನಾಚಿಕೆಯಾಗುತ್ತದೆ, ಅದಕ್ಕಿಂತ ಹೆಚ್ಚಾಗಿ ಅಲ್ಲಿ ಹೋಗಿ ಕೂತುಬಿಡಬೇಕು ಅನ್ನಿಸುತ್ತದೆ, ಎಷ್ಟು ವರ್ಷವಾಯಿತು ನನಗಾಗಿ ಒಬ್ಬರು ಜಾಗ ಹಿಡಿದು.

ಮಸೂದೆ ಪರ ಇರೋರು ಮೊದ್ಲು ಬನ್ನಿ, ಅಧ್ಯಕ್ಷೆ ಕರೆಯುತ್ತಿದ್ದಾಳೆ, ಜನರಲ್, ನೀವೇ ಶುರು ಮಾಡಿ. ಎದ್ದೆ, ನಡೆದೆ, ಮೈಕಿನ ಮುಂದೆ ಹೆಸರು ಹೇಳಬೇಕು, ಯಾರ ಕಡೆಯವನು ಎಂದೂ ಹೇಳಬೇಕು, ಹೇಳಿದೆ — ಕಂಪನಿಯ ಹೆಸರು ಬಾಯಿಂದ ಹೊರಬಿತ್ತು — ವರ್ನಾ ಬೈಯಲಿಲ್ಲ, ಪಕ್ಕದಲ್ಲಿ ನಿಂತಿದ್ದವಳಿಗೆ ಅವ್ರಿಗೆ ಜಾಗ ಬೇಡ್ವಂತೆ, ನೀನೇ ಕೂತ್ಕೊಳಮ್ಮ ಅಂದಳು, ಕೋಟನ್ನೆತ್ತಿ ತೊಡೆಯ ಮೇಲಿಟ್ಟುಕೊಂಡಳು, ನಿಂತಿದ್ದವಳು ಕೂರಲಿಲ್ಲ, ಮುಂದಿನ ಮಾತು ನೆನಪಿಗೆ ಬರುತ್ತಿಲ್ಲ, ಸಮಿತಿಯವರು ಕಾಯುತ್ತಿದ್ದಾರೆ, ಕುರ್ಚಿ, ಕೋಟಿಲ್ಲದ ಕುರ್ಚಿ, ಯಾರೂ ಕೂರದ ಆ ಕುರ್ಚಿ