ಪುಟ್ಟಕ್ಕ ಕೊಟ್ಟ ಶಾಖ

ಪುಟ್ಟಕ್ಕನಿಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಬಾಗಿಲಿಗೆ ಹೋಗುವುದು, ಒಳಗೆ ಬಂದು ಮಗನ ಕಾಲು ಮುಟ್ಟಿ ನೋಡುವುದು, ಮತ್ತೆ ಬಾಗಿಲಿಗೆ. ರಾಮಗಿರಿಯ ಆ ಮನೆಯಲ್ಲಿ ನಾಲ್ಕು ತಿಂಗಳಿಂದ ಇದೇ ಪಾಡು. ಹುಣಸೆ ಬಡಿಯಲು ಮರ ಹತ್ತಿದ್ದ ಮಗ ದುರ್ಗೇಶ್ ಕೊಂಬೆ ಮುರಿದು ಬಿದ್ದಿದ್ದ. ಬೆನ್ನುಹುರಿಗೆ ಪೆಟ್ಟು. ಆಪರೇಷನ್ ಆಯಿತು, ಜೀವ ಉಳಿಯಿತು, ಕಾಲು ಮಾತ್ರ ಕೊರಡಿನಂತೆ ಬಿದ್ದುಕೊಂಡವು.

ನಡಿಗೆ ಕಲಿಸುವ ರೋಬೋಟ್ ಯಂತ್ರವಿರುವ ದೊಡ್ಡಾಸ್ಪತ್ರೆಯಲ್ಲಿ ಸೋಮವಾರಕ್ಕೆ ಅವನ ಸರದಿ ಬಂದಿತ್ತು. ಸೊಸೆ ಯಮುನಾ ಆಗಲೇ ಬಟ್ಟೆ ಗಂಟು ಕಟ್ಟಿದ್ದಳು. ದೇವರು ವರ ಕೊಟ್ಟರೂ ಪೂಜಾರಿ ಬಿಡ ಅಂತಾರಲ್ಲ, ಇಲ್ಲಿ ಪೂಜಾರಿ ಹೆತ್ತ ತಾಯಿಯೇ. ಮಗನನ್ನು ಕಬ್ಬಿಣಕ್ಕೆ ಕಟ್ಟಿ ಎಳೆದಾಡಿಸಿದರೆ ಇರುವ ಶಕ್ತಿಯೂ ಹೋದೀತು ಎಂದು ಪುಟ್ಟಕ್ಕ ವಾರವೆಲ್ಲ ಗೊಣಗಿದಳು. ಬಾಣಂತಿಗೆ, ಉಳುಕಿಗೆ, ವಾತಕ್ಕೆ ಅವಳ ಮದ್ದು ಒಂದೇ, ಶಾಖ. ಶನಿವಾರ ಸೊಸೆ ನೀರಿಗೆ ಹೋದಾಗ ಇಟ್ಟಿಗೆ ಕಾಯಿಸಿ, ಬಟ್ಟೆ ಸುತ್ತಿ, ಮಗನ ತೊಡೆಗೆ ಒತ್ತಿದಳು. ಬಿಸಿ ತಾಗಿತೇನೋ ಎಂದು ಕೇಳಿದಳು. ಇಲ್ಲ ಎಂದ. ಇನ್ನಷ್ಟು ಹೊತ್ತು ಒತ್ತಿದಳು.

ಭಾನುವಾರ ಬೆಳಿಗ್ಗೆ ನೋಡಿದರೆ ಅಂಗೈಯಗಲ ಬೊಬ್ಬೆ.

ವಾರಕ್ಕೊಮ್ಮೆ ಬಂದು ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್ ಸುಪ್ರಿಯಾ, ಫೋನ್ ಹೋದ ಕೂಡಲೇ ಬಂದಳು. ಯಂತ್ರದ ಪಟ್ಟಿ ಕಟ್ಟುವುದು ಅದೇ ತೊಡೆಗೆ. ಗಾಯ ಮಾಯುವ ತನಕ ಯಂತ್ರ ಹತ್ತುವಂತಿಲ್ಲ ಎಂದಳು. ಸೋಮವಾರದ ಸರದಿ ಹೋಯಿತು.

"ಬಿಸಿನೇ ಆಗ್ಲಿಲ್ಲ ಅಂದ್ನಲ್ಲ ಮೇಡಂ," ಎಂದಳು ಪುಟ್ಟಕ್ಕ.

"ಕಾಲಿನ ಸುದ್ದಿ ತಲೆಗೆ ಹೋಗೋ ದಾರೀಲೇ ಪೆಟ್ಟು ಬಿದ್ದೈತೆ ಅಮ್ಮ. ಸುಟ್ರೂ ಗೊತ್ತಾಗಲ್ಲ, ಮಲಗಿದಲ್ಲೇ ಮಲಗಿ ಹುಣ್ಣಾದ್ರೂ ಗೊತ್ತಾಗಲ್ಲ."

ನನ್ನ ಕೈಯಾರೆ ಮಗನ ದಾರಿ ಮುಚ್ಚಿದೆನಲ್ಲ ಎಂದು ಪುಟ್ಟಕ್ಕ ಹಣೆ ಬಡಿದುಕೊಂಡು ಅತ್ತಳು.

"ಅಳಬ್ಯಾಡವ್ವ," ಎಂದ ದುರ್ಗೇಶ್. "ಇನ್ನೊಂದ್ ಸರದಿ ಕೇಳಾಣ. ನೀನೂ ಬಾ."

ಸುಪ್ರಿಯಾ ಮುಚ್ಚುಮರೆಯಿಲ್ಲದೆ ಹೇಳಿದಳು. ಯಂತ್ರ ಮಂತ್ರವಲ್ಲ. ಅದು ಮೈಭಾರ ಹಿಡಿದು, ಒಂದೇ ಹೆಜ್ಜೆಯನ್ನು ನೂರಾರು ಸಲ ಹಾಕಿಸುತ್ತದೆ. ಎಲ್ಲರಿಗೂ ಹೊಂದುವುದಿಲ್ಲ, ಎಲ್ಲರೂ ಎದ್ದು ನಡೆಯುವುದೂ ಇಲ್ಲ. ದುರ್ಗೇಶನ ಹೆಬ್ಬೆರಳು ತುಸು ಆಡುತ್ತದೆ, ಅದಕ್ಕೇ ಡಾಕ್ಟರು ಒಪ್ಪಿದ್ದು.

ಗಾಯ ಮಾಯಲು ಆರು ವಾರ ಹಿಡಿಯಿತು. ಅಷ್ಟೂ ದಿನ ಎರಡು ಗಂಟೆಗೊಮ್ಮೆ ಮಗನ ಮಗ್ಗುಲು ಬದಲಿಸಿದವಳು ಪುಟ್ಟಕ್ಕನೇ.

ಹೊಸ ಸರದಿ ಬಂದ ದಿನ ಆಸ್ಪತ್ರೆಯಲ್ಲಿ ದುರ್ಗೇಶ್ ಪಟ್ಟಿಗಳ ನಡುವೆ ನೆಟ್ಟಗೆ ನಿಂತ. ಯಂತ್ರ ಶುರುವಾಯಿತು, ಕಾಲು ಎದ್ದವು. ಪುಟ್ಟಕ್ಕ ಸೆರಗು ಕಚ್ಚಿಕೊಂಡು ಅತ್ತಿಂದಿತ್ತ ತಿರುಗಿದಳು. ಕೊನೆಗೆ ತಡೆಯದೆ ಕೇಳಿಯೇಬಿಟ್ಟಳು.

"ನಡೀತಿರೋದು ಯಾರು, ಯಂತ್ರನೋ ನನ್ನ ಮಗನೋ?"

"ಇವತ್ತು ಯಂತ್ರನೇ ಜಾಸ್ತಿ," ಎಂದರು ಅಲ್ಲಿನ ಸಿಬ್ಬಂದಿ. "ನಿಮ್ಮ ಮಗನೂ ಸ್ವಲ್ಪ."

ಆ ಸ್ವಲ್ಪಕ್ಕೇ ಪುಟ್ಟಕ್ಕ ಗೋಡೆಗೊರಗಿ ಕುಳಿತಳು, ತಿಂಗಳುಗಳಾದ ಮೇಲೆ.

ಅಕ್ಕ-ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಬೆನ್ನುಹುರಿಗೆ ಪೆಟ್ಟಾದವರಿದ್ದರೆ ಶಾಖ ಕೊಡಬೇಡಿ. ದಿನಾ ಅವರ ಚರ್ಮ ನೋಡಿ, ಮಗ್ಗುಲು ಬದಲಿಸಿ, ವ್ಯಾಯಾಮ ತಪ್ಪಿಸಬೇಡಿ. ನಡಿಗೆ ತರಬೇತಿ ಹೊಂದುತ್ತದೆಯೇ ಎಂದು ಡಾಕ್ಟರನ್ನು ಇಂದೇ ಕೇಳಿ. ಅವರ ಕಾಲಿಗೆ ನೋವು ಗೊತ್ತಾಗುವುದಿಲ್ಲ, ನಿಮಗೆ ಗೊತ್ತಿರಲಿ.