ಸೋಮವಾರದ ಪೀಡೆಗಳು

ಸೋಮವಾರ ಬಂತೆಂದರೆ ಮಧ್ಯಾಹ್ನದಿಂದಲೇ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಒಗೆದ ಬಟ್ಟೆ ಮಡಿಸಲು ಹೋಗಿ ಅರ್ಧಕ್ಕೇ ಬಿಡುತ್ತೇನೆ, ಒಲೆಯ ಮೇಲಿಟ್ಟ ಹಾಲನ್ನು ಮರೆಯುತ್ತೇನೆ. ‘ವಾರವಾರ ಎಲ್ಲಿಗೇ ಹೋಗ್ತೀಯ?’ ಎಂದು ಅಮ್ಮ ಕೇಳಿದರೆ ‘ಅರ್ಪಿತ ಮನೆಗೆ’ ಎನ್ನುತ್ತೇನೆ. ಅದು ಸುಳ್ಳಲ್ಲ. ಆದರೆ ಸತ್ತವರು ಎದ್ದು ನಡೆಯುವ ಸೀರೀಸನ್ನು ಒಬ್ಬರು ಅಜ್ಜಿಗೆ ಕನ್ನಡದಲ್ಲಿ ಹೇಳಲು ಹೋಗುತ್ತೇನೆ ಎಂದರೆ, ಡಿಗ್ರಿ ಮುಗಿಸಿ ಮನೆಯಲ್ಲೇ ಕೂತ ಮಗಳ ಬಗ್ಗೆ ಅಮ್ಮನಿಗಿರುವ ಚಿಂತೆ ಇನ್ನೊಂದಿಷ್ಟು ಹೆಚ್ಚಾಗುತ್ತದೆ, ಅಷ್ಟೇ.

ಅರ್ಪಿತ ನನ್ನ ಕಾಲೇಜಿನ ಗೆಳತಿ. ಚಿಕ್ಕಲಸಂದ್ರ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ಅವಳ ಮನೆಯವರದು ರಾಗಿ ಹೊಲ. ಈಗ ಅದೇ ನೆಲದ ಮೇಲೆ ಬಿಲ್ಡಿಂಗು, ಕೆಳಗಿನ ಮಹಡಿಗಳಲ್ಲಿ ಬಾಡಿಗೆಯವರು, ಮೇಲೆ ಇವರು. ಆ ಮನೆಯ ಹಾಲಿನಲ್ಲಿ ಸೋಮವಾರ ಸಂಜೆ ನಾವು ‘ಗ್ರೇ ಫೆರಿ’ ನೋಡುತ್ತೇವೆ. ಕಾಮಿಕ್ಸ್ ಪುಸ್ತಕಗಳಿಂದ ಮಾಡಿದ ಇಂಗ್ಲಿಷ್ ಜಾಂಬಿ ಸೀರೀಸು. ಎಪಿಸೋಡು ಬೆಳಿಗ್ಗೆಯೇ ಬಂದಿರುತ್ತದೆ, ಆದರೆ ಯಾರೂ ಒಬ್ಬೊಬ್ಬರೇ ನೋಡುವಂತಿಲ್ಲ. ಒಳಗೆ ಬಂದೊಡನೆ ಫೋನುಗಳನ್ನು ಅರ್ಪಿತಳ ಅಜ್ಜಿಯ ಹಳೇ ಮೊರದಲ್ಲಿ ಇಟ್ಟುಬಿಡಬೇಕು. ಕಾಮಿಕ್ಸ್ ಓದಿದವರು ಮುಂದಿನ ಕಥೆಯ ಬಗ್ಗೆ ಬಾಯಿ ಬಿಡಬಾರದು. ಈ ಕೊನೆಯ ನಿಯಮ ನಮ್ಮ ಗುಂಪಿನ ಮೋಹಿತ್‌ಗೆಂದೇ ಮಾಡಿದ್ದು. ಜೆ.ಪಿ. ನಗರದಿಂದ ಬರುವ ಅವನ ಹತ್ತಿರ ಎಲ್ಲ ಸಂಪುಟಗಳೂ ಇವೆ. ಪ್ಲಾಸ್ಟಿಕ್ ಕವರು ಹಾಕಿ, ಕೈ ತೊಳೆದುಕೊಂಡು ಮುಟ್ಟುತ್ತಾನೆ. ‘ಕಾಮಿಕ್ಸ್‌ನಲ್ಲಿ ಹಿಂಗಿಲ್ಲ ಗುರು’ ಎನ್ನದೆ ಅವನಿಗೆ ಒಂದು ಎಪಿಸೋಡೂ ಮುಗಿಯುವುದಿಲ್ಲ.

ಅವನಿಗೆ ಎದುರಾಳಿ ಸಿದ್ದಾರೂಢ. ಅರ್ಪಿತಳ ಆಫೀಸಿನವನು, ಹುಬ್ಬಳ್ಳಿ ಕಡೆಯವನು, ಬಿಟಿಎಂನಲ್ಲಿ ರೂಮು. ‘ನಿನ್ನ ಪುಸ್ತಕ ನೀ ಮನ್ಯಾಗ ಓದ್ಕೊ. ಇಲ್ಲಿ ಟೀವಿ ನೋಡಾಕ ಬಿಡಪಾ ಮಾರಾಯ’ ಎಂದು ಅವನು ರೇಗಿಸುತ್ತಾನೆ.

ಮೋಹಿತ್ ಒಮ್ಮೆ ಅರ್ಪಿತಳಿಗೆಂದು ಸಂಪುಟಗಳನ್ನು ಕೊಟ್ಟಿದ್ದ. ಅವಳು ಓದುವ ತಾಳ್ಮೆಯಿಲ್ಲದೆ ಚೀಲದ ಸಮೇತ ನನ್ನ ಕೈಗಿತ್ತಳು. ನಾನು ಎಲ್ಲವನ್ನೂ ಓದಿಬಿಟ್ಟೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಾನು ಹೇಳದೇ ಇರುವುದು ಆ ಹಾಲಿನಲ್ಲಿ ಯಾರಿಗೂ ಹೊಸದಲ್ಲ. ಮೊದಲ ವಾರಗಳಲ್ಲಿ ಬಾಗಿಲ ಪಕ್ಕದ ಮೂಲೆ ಹಿಡಿದು, ಅವರ ಜಗಳ ಕೇಳಿ, ಕಡ್ಲೆಪುರಿ ತಿಂದು ಎದ್ದು ಬರುತ್ತಿದ್ದೆ. ಒಂದು ದಿನ ಅರ್ಪಿತಳ ಅಜ್ಜಿ ಲಕ್ಷ್ಮಿದೇವಮ್ಮ ಕಾಫಿ ಕೊಡಲು ಬಂದವರು ಟೀವಿ ಮುಂದೆ ನಿಂತುಬಿಟ್ಟರು.

‘ಏನ್ರೋ ಇವು? ಕುಡ್ದಿರೋರ್ ತರ ನಡೀತವೆ?’

ಎಲ್ಲರ ಕಣ್ಣೂ ಟೀವಿಯಲ್ಲೇ ಇತ್ತು. ಹತ್ತಿರವಿದ್ದವಳು ನಾನು. ‘ಸತ್ತೋದೋರು ಅಜ್ಜಿ. ಕಚ್ಚಿದ್ರೆ ಬೇರೆಯೋರ್ಗೂ ಬರುತ್ತೆ’ ಎಂದು ಪಿಸುಗುಟ್ಟಿದೆ.

‘ಓ, ಮಾರಿ ಬಂದದೆ ಅನ್ನು. ಅದಕ್ಕೇ ಇವ್ರು ಊರು ಬಿಟ್ಟು ಹೊಲದಾಗೆ ಗುಡ್ಲು ಹಾಕ್ಕಂಡವ್ರೆ.’ ಅಜ್ಜಿ ಅಲ್ಲೇ ಕೂತರು. ಪ್ಲೇಗು ಬಂದಾಗ ಚಿಕ್ಕಲಸಂದ್ರದವರೂ ಹೀಗೆಯೇ ಊರಾಚೆ ಗುಡಿಸಲು ಹಾಕಿಕೊಂಡಿದ್ದರಂತೆ, ಅವರ ಅತ್ತೆ ಹೇಳುತ್ತಿದ್ದರಂತೆ. ಅಂದಿನಿಂದ ಜಾಂಬಿಗಳು ಪೀಡೆಗಳಾದವು, ಹೀರೋ ಗಡ್ಡದವನಾದ, ನನ್ನ ಜಾಗ ಬಾಗಿಲ ಪಕ್ಕದಿಂದ ಅಜ್ಜಿಯ ಪಕ್ಕಕ್ಕೆ ಬಂತು. ವಾರವಿಡೀ ತುಟಿ ಬಿಚ್ಚದ ನಾನು ಆ ಒಂದು ಗಂಟೆ ಬಿಡದೆ ಮಾತಾಡುತ್ತೇನೆ. ಗಡ್ಡದವನಾಗಿ ಗದರುತ್ತೇನೆ, ಅವನ ಹೆಂಡತಿಯಾಗಿ ಅಳುತ್ತೇನೆ. ಎಲ್ಲವೂ ಪಿಸುದನಿಯಲ್ಲೇ, ಅಜ್ಜಿಯ ಕಿವಿಯ ಹತ್ತಿರ.

ಅಜ್ಜಿಗೆ ಇಷ್ಟವಾದವನು ಒಬ್ಬನೇ, ಆಮೊಸ್ ಎಂಬ ಮುದುಕ ಅಂಬಿಗ. ನೆಲ್ ಎಂಬ, ಅಜ್ಜಿಯ ಬಾಯಲ್ಲಿ ಪುಟ್ಟಿಯಾದ ಅನಾಥ ಹುಡುಗಿಯನ್ನು ಜೊತೆಗಿಟ್ಟುಕೊಂಡು ಅವನು ಹೊಳೆ ದಾಟಿಸುತ್ತಿರುತ್ತಾನೆ. ‘ಆ ತಾತ ಇರೋಗಂಟ ನೋಡ್ತೀನಿ. ಆವಯ್ಯಂಗೇನಾರ ಆಯ್ತೋ, ನಿಮ್ ಪೀಡೆ ನಾಟ್ಕ ನೀವೇ ನೋಡ್ಕಳಿ’ ಎಂದು ಅವರು ಎಲ್ಲರೆದುರು ಹೇಳಿದ್ದರು.

ಕಾಮಿಕ್ಸ್‌ನಲ್ಲಿ ತಾತ ಸಾಯುತ್ತಾನೆ. ಸೇತುವೆಯ ಮೇಲೆ ಪೀಡೆ ಕಚ್ಚುತ್ತದೆ, ಅವನು ತೋಳು ಮುಚ್ಚಿಕೊಂಡು ಯಾರಿಗೂ ಹೇಳದೆ ಹೊಳೆಗೆ ಇಳಿದು ಹೋಗುತ್ತಾನೆ. ಕಳೆದ ವಾರದ ಎಪಿಸೋಡು ಮುಗಿದದ್ದು ಅವನು ಸೇತುವೆಯ ಮೇಲೆ ಕಾಲಿಡುವಲ್ಲಿಗೆ. ತಾತ ಹೋದರೆ ಅಜ್ಜಿ ಏಳುತ್ತಾರೆ. ಅಜ್ಜಿ ಎದ್ದರೆ ನನಗೆ ಅಲ್ಲಿ ಬಾಯಿಯಿಲ್ಲ. ಮತ್ತೆ ಆ ಮೂಲೆ, ಮತ್ತೆ ಕಡ್ಲೆಪುರಿ. ವಾರವೆಲ್ಲ ಇದೇ ತಲೆಯಲ್ಲಿ ಸುತ್ತಿತು.

ಅಜ್ಜಿಗೂ ನೆಮ್ಮದಿಯಿರಲಿಲ್ಲವೆಂದು ಶುಕ್ರವಾರ ಗೊತ್ತಾಯಿತು. ಗುಡಿಗೆ ಜೊತೆಗೆ ಬಾ ಎಂದು ಅರ್ಪಿತಳಿಂದ ಫೋನು ಮಾಡಿಸಿದ್ದರು. ಹೋದರೆ ಅಕ್ಕಿಹಿಟ್ಟಿನ ತಂಬಿಟ್ಟು ಮಾಡಿ, ಅದರ ಮಧ್ಯೆ ಗುಳಿ ತೋಡಿ, ತುಪ್ಪದ ಬತ್ತಿ ಹಾಕಿ ತಟ್ಟೆಯಲ್ಲಿ ಜೋಡಿಸಿದ್ದರು. ಊರಿಗೆ ಮಾರಿ ಬರದಿರಲೆಂದು ಮಾರಮ್ಮನಿಗೆ ಬೆಳಗುವ ಆರತಿ ಅದು. ಗುಡಿಯಲ್ಲಿ ಪೂಜಾರಿ ಹನುಮಯ್ಯ ಕೇಳಿದರು, ‘ಯಾರ ಹೆಸ್ರಿಗೆ ದೇವಮ್ಮಾರೇ? ಬೈರಣ್ಣಂಗಾ?’

‘ನನ್ ಮಗ ಗುಂಡುಕಲ್ಲಿದ್ದಂಗವ್ನೆ, ಅವ್ನಿಗ್ಯಾಕೆ? ಒಬ್ಬ ತಾತ. ದೂರದೂರು.’

‘ನೆಂಟರಾ?’

‘ವಾರಕ್ಕೊಂದ್ಸಲ ಮನೇಗ್ ಬತ್ತಾರೆ’ ಎಂದರು ಅಜ್ಜಿ, ಮುಖ ಸ್ವಲ್ಪವೂ ಅಲುಗದೆ. ನಾನು ಕಂಬದ ಕಡೆ ತಿರುಗಿ ನಿಂತೆ. ನಗು ಬಂತು. ದಾರಿಯಲ್ಲಿ ಪುಸ್ತಕದ ಕಥೆ ಹೇಳಿಬಿಡಲೇ ಎನಿಸಿತು. ಆದರೆ ಆರತಿ ತಟ್ಟೆ ಹಿಡಿದು ಅವರ ಹಿಂದೆ ನಡೆದೆ, ಅಷ್ಟೇ.

ಸೋಮವಾರ ಎಲ್ಲರೂ ಬೇಗನೇ ಬಂದಿದ್ದರು. ಮೋಹಿತ್ ಕಾಲು ಕುಣಿಸುತ್ತ ಕೂತಿದ್ದ. ‘ಇವತ್ತು ಅಳ್ತೀರ ಎಲ್ರೂ. ನಾನೇನೂ ಹೇಳಲ್ಲಪ್ಪ.’

‘ಹೇಳಿದಿಯಲ್ಲೋ ಈಗ!’ ಎಂದು ಸಿದ್ದಾರೂಢ ದಿಂಬು ಎಸೆದ.

ಅಜ್ಜಿ ಸೆರಗು ಹೊದ್ದು ನನ್ನ ಪಕ್ಕ ಕೂತರು. ನೆನೆಹಾಕಿದ ಅವರೆಕಾಳಿನ ಪಾತ್ರೆಯನ್ನು ಅಡುಗೆಮನೆಯಲ್ಲೇ ಬಿಟ್ಟು ಬಂದಿದ್ದರು. ಬೇರೆ ಸೋಮವಾರಗಳಲ್ಲಿ ಅದನ್ನು ಹಿತುಕುತ್ತ ನೋಡುತ್ತಿದ್ದವರು.

ಸೇತುವೆ ಬಂತು. ಎಲ್ಲ ಕಾಮಿಕ್ಸ್‌ನಲ್ಲಿದ್ದ ಹಾಗೆಯೇ: ತುಂಡಾದ ಕಟಾಂಜನ, ಅಡ್ಡ ನಿಂತ ಲಾರಿ, ಅದರ ಕೆಳಗಿನಿಂದ ಹೊರಬರುವ ಕೈ. ಕತ್ತಲಲ್ಲಿ ತಾತ, ನೆಲ್, ಪೀಡೆ ಮೂವರೂ ಒಂದೇ ಮುದ್ದೆಯಾಗಿ ಬಿದ್ದರು. ಯಾರೋ ಚೀರಿದರು.

‘ಏನಾಯ್ತು? ಏನಾಯ್ತೇ ಹೇಮಾ?’ ಅಜ್ಜಿ ನನ್ನ ಕಡೆ ಬಾಗಿದರು.

ತೆರೆಯ ಮೇಲೆ ಇನ್ನೂ ಏನೂ ಕಂಡಿರಲಿಲ್ಲ. ಆದರೆ ನನ್ನ ಕಣ್ಣಿಗೆ ಪುಸ್ತಕದ ಪುಟ ಬಂದುಬಿಟ್ಟಿತ್ತು. ‘ಕಚ್ಚಿಬಿಡ್ತು ಅಜ್ಜಿ. ತೋಳಿಗೆ. ತಾತ ಯಾರಿಗೂ ಹೇಳಲ್ಲ. ಹೊಳೆಗೆ ಇಳಿದು ಹೋಗಿಬಿಡ್ತಾನೆ. ಅಷ್ಟೇ.’

ಹೇಳಿ ಮುಗಿಸಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು.

ಅಜ್ಜಿ ನನ್ನನ್ನೊಮ್ಮೆ ನೋಡಿದರು. ಮೊಣಕಾಲ ಮೇಲೆ ಕೈಯೂರಿ ಎದ್ದರು, ಅಡುಗೆಮನೆಗೆ ಹೋದರು. ಅದೇ ಹೊತ್ತಿಗೆ ತೆರೆಯ ಮೇಲೆ ತಾತ ಎದ್ದು ನಿಂತ. ತೋಳು ಕೊಡವಿಕೊಂಡ. ಗಾಯವಿರಲಿಲ್ಲ. ಕೆಳಗೆ ಕೂತ ಹುಡುಗಿ ತನ್ನ ಕಾಲುಚೀಲವನ್ನು ಮೆಲ್ಲಗೆ ಮೇಲಕ್ಕೆಳೆದುಕೊಂಡಳು. ಅದರ ಮೇಲೆ ರಕ್ತ.

‘ಏಯ್! ಇಲ್ಲ! ಇಲ್ಲ ಗುರು!’ ಮೋಹಿತ್ ಎದ್ದು ನಿಂತಿದ್ದ. ‘ತಾತಂಗೆ ಕಚ್ಬೇಕು! ನೆಲ್‌ನ ಹೆಂಗ್ ಮುಟ್ತಾರೆ ಇವ್ರು? ಇಡೀ ಕಥೇನೇ ಅವಳ ಮೇಲೆ ನಿಂತಿದೆ! ಹಾಳ್ ಮಾಡಿದ್ರು, ಹಾಳ್ ಮಾಡಿದ್ರು!’

‘ಛಲೋ ಮಾಡ್ಯಾರ! ಈಗ ನಿನಗೂ ಮುಂದಿಂದು ಗೊತ್ತಿಲ್ಲ. ಈಗ ನೋಡು ಮಜಾ!’ ಎಂದ ಸಿದ್ದಾರೂಢ.

‘ಮಜಾ ಏನೋ, ಒಂಬತ್ತ್ ವರ್ಷದ ಮಗು ಕಣೋ ಅದು!’ ಎಂದಳು ಅರ್ಪಿತ, ಅಳು ಬಂದ ದನಿಯಲ್ಲಿ. ಮೊರದಲ್ಲಿದ್ದ ಫೋನುಗಳು ಒಂದೇ ಸಮನೆ ಗುಂಯ್‌ಗುಡುತ್ತಿದ್ದವು. ಊರ ತುಂಬ ಎಷ್ಟು ಜನ ಬೆಳಿಗ್ಗೆಯಿಂದ ಇದೇ ಜಗಳ ಆಡುತ್ತಿದ್ದರೋ.

ನಾನು ಅಡುಗೆಮನೆಗೆ ಓಡಿದೆ. ಅಜ್ಜಿ ಅವರೆಕಾಳು ಹಿತುಕುತ್ತಿದ್ದರು. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ ಚಿಮ್ಮುತ್ತಿತ್ತು.

‘ಅಜ್ಜಿ, ತಾತ ಸತ್ತಿಲ್ಲ.’

‘ಬಿಡು ಮಗಾ. ಸಮಾಧಾನ ಮಾಡಕ್ ಬರಬ್ಯಾಡ.’

‘ನಿಜವಾಗ್ಲೂ. ನಾನು ತಪ್ಪು ಹೇಳ್ದೆ. ನಾನು... ಪುಸ್ತಕದಲ್ಲಿ ಇದ್ದಿದ್ದನ್ನ ಹೇಳ್ಬಿಟ್ಟೆ. ಟೀವೀಲಿ ಬೇರೆ ಆಯ್ತು.’

ಅಜ್ಜಿಯ ಕೈ ನಿಂತಿತು. ‘ಅಂದ್ರೆ ನಿಂಗ್ ಮೊದ್ಲೇ ಗೊತ್ತಿತ್ತಾ? ಮಾರಮ್ಮನ ಗುಡಿಗ್ ಬಂದಾಗ್ಲೂ?’

ಹೌದೆಂದು ತಲೆಯಾಡಿಸಿದೆ.

‘ಬಾಯಲ್ಲೇನ್ ಕಡುಬು ಮಡಿಕ್ಕಂಡಿದ್ದಾ?’ ಸಿಟ್ಟು ಬಂದಾಗ ಅಜ್ಜಿಯ ಮೂಗು ಅರಳುತ್ತದೆ. ಅದನ್ನು ನಾನು ಆವತ್ತೇ ನೋಡಿದ್ದು. ‘ಈಗ ತಾತ ನೆಟ್ಟಗವ್ನಾ?’

‘ಅವನು ನೆಟ್ಟಗಿದಾನೆ.’ ಇಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ಅಜ್ಜಿ ನಗುತ್ತ ಬಂದು ಕೂರುತ್ತಾರೆ, ನನ್ನ ಜಾಗ ಉಳಿಯುತ್ತದೆ. ಆದರೆ ಎರಡು ನಿಮಿಷಕ್ಕೆ ಅವರಿಗೇ ಕಾಣುತ್ತದೆ. ‘ಪುಟ್ಟಿಗೆ ಕಚ್ಚಿದೆ ಅಜ್ಜಿ. ಕಾಲಿಗೆ. ತಾತಂಗೆ ಇನ್ನೂ ಗೊತ್ತಿಲ್ಲ.’

ಅವರು ಕೈಯಲ್ಲಿದ್ದ ಕಾಳನ್ನು ಪಾತ್ರೆಗೆ ಬಿಟ್ಟರು. ಆಮೇಲೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದರು. ‘ಆವಯ್ಯಂಗೆ ಗೊತ್ತಾಗೋ ಹೊತ್ತಿಗೆ ನಾನಲ್ಲಿರ್ಬೇಕು. ನಡಿ. ಈ ಸಲ ಕಂಡಿದ್ದಷ್ಟೇ ಹೇಳು. ಹಿಂದ್ಮುಂದ್ ಮಾಡ್ದೆ ಅಂದ್ರೆ ನೋಡು.’

ಹಾಲಿನಲ್ಲಿ ಜಗಳ ಇನ್ನೂ ಜೋರಾಗಿತ್ತು. ಟೀವಿ ತನ್ನ ಪಾಡಿಗೆ ತಾನು ಓಡುತ್ತಿತ್ತು. ಮೋಹಿತ್ ಕಾಮಿಕ್ಸ್‌ನ ಯಾವುದೋ ಪುಟವನ್ನು ಗಾಳಿಯಲ್ಲಿ ಬಿಡಿಸಿ ತೋರಿಸುತ್ತಿದ್ದ. ಅಜ್ಜಿ ಕೂತು ನನ್ನ ಕಡೆ ನೋಡಿದರು. ಆ ಗದ್ದಲದಲ್ಲಿ ಪಿಸುದನಿ ಯಾರಿಗೆ ಕೇಳುತ್ತದೆ?

‘ಸ್ವಲ್ಪ ಸುಮ್ನಿರ್ತೀರಾ!’

ಎಲ್ಲರೂ ನನ್ನ ಕಡೆ ತಿರುಗಿದರು. ಕಿವಿಯ ತುದಿಯವರೆಗೆ ಬಿಸಿಯೇರಿತು. ‘ಹಿಂದಕ್ಕೆ ಹಾಕಿ. ಸೇತುವೆಯಿಂದ. ಅಜ್ಜಿ ನೋಡಿಲ್ಲ.’

‘ಓಹೋ, ನಮ್ ಹೇಮಕ್ಕಗ ದನಿ ಬಂತಲೇ’ ಎಂದ ಸಿದ್ದಾರೂಢ. ಆದರೂ ರಿಮೋಟು ಒತ್ತಿದ.

ಮೋಹಿತ್ ಮಾತ್ರ ನನ್ನನ್ನೇ ನೋಡುತ್ತಿದ್ದ. ‘ಒಂದ್ನಿಮಿಷ. ನೀನು ಆವಾಗ ಅಜ್ಜಿಗೆ ತಾತ ಹೊಳೆಗೆ ಇಳೀತಾನೆ ಅಂದೆ, ಕೇಳಿಸ್ತು. ಅಂದ್ರೆ ನೀನೂ ಓದಿದೀಯಾ? ಹಂಗಾದ್ರೆ ನೀನೇ ಹೇಳು, ಇದು ಮೋಸ ಅಲ್ವಾ?’

‘ಆಮೇಲೆ ಜಗಳ ಆಡೋಣ’ ಎಂದೆ. ‘ನಂಗೂ ತುಂಬಾ ಇದೆ ಹೇಳೋಕೆ.’

ಮತ್ತೆ ಸೇತುವೆ, ಲಾರಿ, ಕೈ. ಈ ಬಾರಿ ಗಟ್ಟಿಯಾಗಿ ಹೇಳುತ್ತ ಹೋದೆ, ಕಂಡಷ್ಟನ್ನೇ. ತಾತ ಎದ್ದ. ಪುಟ್ಟಿ ಕಾಲುಚೀಲ ಎಳೆದುಕೊಂಡಳು. ಇಬ್ಬರೂ ಸೇತುವೆ ದಾಟಿ ಒಂದು ಮರದ ಕೆಳಗೆ ಕೂತರು. ತಾತ ಏನೋ ತಮಾಷೆ ಮಾಡಿದ, ಅದನ್ನೂ ಹೇಳಿದೆ. ಯಾರೂ ನಗಲಿಲ್ಲ. ಆಮೇಲೆ ಪುಟ್ಟಿ ಅವನ ತೋಳಿಗೆ ತಲೆ ಒರಗಿಸಿ ಸಣ್ಣದಾಗಿ ಒಂದು ಮಾತು ಹೇಳಿದಳು. ಇದು ಯಾವ ಪುಟದಲ್ಲೂ ಇರಲಿಲ್ಲ.

‘ಏನಂದ್ಲು?’ ಅಜ್ಜಿ ಕೇಳಿದರು. ಸಿದ್ದಾರೂಢನೂ ಬಾಗಿ ಕಾಯುತ್ತಿದ್ದ.

‘ತಾತಾ, ಕಾಲು ಉರೀತಿದೆ. ಶೂ ಬಿಚ್ಚು. ಬೈಬೇಡ.’

ತಾತ ಅವಳ ಮುಖ ನೋಡಿದ, ಆಮೇಲೆ ಕಾಲು ನೋಡಿದ. ಅವನ ಕೈ ಮುಂದಕ್ಕೆ ಬಂದು ಅಲ್ಲೇ ನಿಂತಿತು.

‘ಬಿಚ್ಚಪ್ಪಾ’ ಎಂದರು ಅಜ್ಜಿ, ಟೀವಿಯ ಕಡೆ ಬಾಗಿ. ‘ಮಗು ಕೇಳ್ತಾ ಐತೆ. ಬಿಚ್ಚು.’